ಊರೆಲ್ಲಾ ವೋಟ್ ಬಹಿಷ್ಕಾರ ಮಾಡಿದ್ರ ರೋಡ್ ಬರ್ತೈತೇನ್ರಿ?

ಪ್ರಶ್ನೆ: ಸರ್, ನಮ್ದು ಮುದ್ದೇಬಿಹಾಳ ತಾಲೂಕಿನ ಸಣ್ಣ ಹಳ್ಳಿ. ರೋಡ್ ಹದಗೆಟ್ಟು ವರ್ಷಗಟ್ಲೆ ಆತು, ಮಳಿಗಾಲದಾಗ ಬಸ್ಸೂ ಬರಂಗಿಲ್ಲ. ಮುಂದಿನ ಎಲೆಕ್ಷನ್‌ಗೆ ಊರವ್ರೆಲ್ಲಾ ಸೇರಿ ಬಹಿಷ್ಕಾರ ಹಾಕೂದು ಅಂತ ಗುಡಿ ಕಟ್ಟಿಮ್ಯಾಲೆ ಕುಂತು ಮಾತಾಡಾಕತ್ತಾರ. ನಾ ಗೋವಾದಾಗ ದುಡೀತೀನಿ, ರಜಾ ಹಾಕಿ ರೊಕ್ಕ ಖರ್ಚ್ ಮಾಡಿ ಬಂದು ಒಂದ್ ವೋಟ್ ಹಾಕಿದ್ರ ಏನ್ ಬದಲಾಗ್ತೈತಿ?

ಉತ್ತರ: ತಮ್ಮಾ, ನಿಮ್ಮ ಸಿಟ್ಟು ನ್ಯಾಯದ್ದೇ ಐತಿ, ಆದ್ರ ಬಹಿಷ್ಕಾರದಿಂದ ಲುಕ್ಸಾನ್ ನಿಮ್ಮೂರಿಗೇ. ಇಂತಿಷ್ಟು ಪರ್ಸೆಂಟ್ ವೋಟ್ ಬೀಳಲಿಲ್ಲಂದ್ರ ಎಲೆಕ್ಷನ್ ರದ್ದು ಅನ್ನೂ ಕಾನೂನು ನಮ್ಮ ದೇಶದಾಗ ಇಲ್ಲ. ನೀವ್ಯಾರೂ ಹೋಗ್ಲಿಲ್ಲಂದ್ರೂ ಉಳಿದ ಊರವ್ರು ಹಾಕಿದ್ದರ ಮ್ಯಾಲೆ ಯಾರಾರ ಒಬ್ರು ಗೆದ್ದೇ ಗೆಲ್ತಾರ, ಐದು ವರ್ಷ ನಿಮಗೂ ಅವ್ರೇ ಎಮ್ಮೆಲ್ಲೆ. 2013ರಾಗ ಬಂದ ನೋಟಾ, ಅಂದ್ರ ಇವ್ರ್ಯಾರೂ ಬ್ಯಾಡ ಅನ್ನೂ ಬಟನ್, ಅದೂ ಹಂಗ, ಸಿಟ್ಟು ದಾಖಲಾಗ್ತೈತಿ, ರಿಸಲ್ಟ್ ಬದಲಾಗಂಗಿಲ್ಲ.

ಬಹಳ ಜನಕ್ಕ ಗೊತ್ತಿಲ್ಲದ ಮಾತು ಒಂದೈತಿ. ಎಣಿಕಿ ಮುಗದ ಮ್ಯಾಲೆ ಫಾರ್ಮ್ 20 ಅಂತ ಒಂದು ಪಟ್ಟಿ ಮಾಡ್ತಾರ, ಯಾವ ಬೂತ್‌ನಾಗ ಯಾರಿಗೆ ಎಷ್ಟು ಬಿತ್ತು ಅಂತ ಅದ್ರಾಗ ಸಾಲಾಗಿ ಇರ್ತೈತಿ, ಲೀಡರ್‌ಗಳು ಅದನ್ನ ಊರೂರು ಹಿಡಿದು ಓದ್ತಾರ. ವೋಟಿಂಗ್ ದಿನ ಬೂತ್‌ನಿಂದ ಸ್ವಲ್ಪ ದೂರ ಟೇಬಲ್ ಹಾಕ್ಕೊಂಡು ಕುಂತ ಪಾರ್ಟಿ ಹುಡುಗ್ರನ್ನ ನೋಡ್ರಿ, ಕೈಯಾಗ ವೋಟರ್ ಲಿಸ್ಟ್ ಇರ್ತೈತಿ, ಚೀಟಿ ಕೊಟ್ಟವ್ರ ಹೆಸರಿಗೆ ಗೀಟು ಎಳಕೋತ ಹೋಗ್ತಾರ, ಮಧ್ಯಾಹ್ನ ಆತಂದ್ರ ಗೀಟು ಬೀಳದ ಹೆಸರು ಹುಡುಕಿ ಮನಿಗೆ ಗಾಡಿ ಕಳಸ್ತಾರ. ಅಷ್ಟು ಲೆಕ್ಕ ಇಡೂ ಜನಕ್ಕ ಸೊನ್ನಿ ಬಿದ್ದ ಬೂತ್ ಕಂಡ್ರ ಏನ್ ಅನಸ್ತೈತಿ? ಈ ಊರಿಂದ ನಮಗ ಲಾಭಾನೂ ಇಲ್ಲ ಅಂಜಿಕಿನೂ ಇಲ್ಲ ಅಂತ ಮುಂದಿನ ಹಾಳಿ ತಿರುವತಾರ. ಅದೇ ಊರಾಗ ಎಲ್ರೂ ವೋಟ್ ಹಾಕಿ, ಎರಡೂ ಕಡೆ ಸರಿಸುಮಾರು ಬಿದ್ದಿದ್ರ, ಇಬ್ರಿಗೂ ಆ ಊರು ಬೇಕಾಗ್ತೈತಿ.

ಇನ್ನ ಒಂದು ವೋಟಿನ ಮಾತು. 2004ರ ವಿಧಾನಸಭೆ ಎಲೆಕ್ಷನ್‌ನಾಗ ಚಾಮರಾಜನಗರ ಜಿಲ್ಲೆ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವ್ರು ಗೆದ್ದಿದ್ದು ಬರೇ 1 ವೋಟಿನಿಂದ. 2023ರಾಗ ಬೆಂಗಳೂರಿನ ಜಯನಗರದಾಗ ಅಂತರ 16. ಲಕ್ಷಗಟ್ಲೆ ವೋಟರ್ ಇರೂ ಕ್ಷೇತ್ರದಾಗ ಹಿಂಗ ಆಗ್ತೈತಿ ಅಂದ್ಮ್ಯಾಲೆ ನಾಕೈದು ನೂರು ವೋಟಿನ ಪಂಚಾಯ್ತಿ ವಾರ್ಡ್‌ನಾಗ ಕೇಳೂದೇ ಬ್ಯಾಡ. ಹಂಗಾಗಿ ಬರ್ರಿ, ಖರ್ಚಾದ್ರೂ ಬರ್ರಿ. ದುಡಿಯಾಕ ತಾತ್ಪೂರ್ತಿಕ ಹೊರಗ ಹೋಗೀರಿ ಅನ್ನೂ ಕಾರಣಕ್ಕ ಊರಿನ ಲಿಸ್ಟ್‌ನಿಂದ ಹೆಸರು ತಗೀಯಾಕ ಬರಂಗಿಲ್ಲ.

ಆದ್ರ ವೋಟ್ ಹಾಕಿ ಮನಿಗೆ ಹೋಗಿ ಮಲಗಿದ್ರ ರೋಡ್ ಬರಂಗಿಲ್ಲ. ಮೊದಲು ಆ ರೋಡ್ ಯಾರ ಕೈಯಾಗ ಐತಿ ತಿಳ್ಕೋರಿ, ಪಿಡಬ್ಲ್ಯೂಡಿದೋ, ಜಿಲ್ಲಾ ಪಂಚಾಯ್ತಿದೋ, ಊರೊಳಗಿನ ಗ್ರಾಮ ಪಂಚಾಯ್ತಿದೋ. ಎಮ್ಮೆಲ್ಲೆಗೆ ಕ್ಷೇತ್ರದ ಕೆಲಸಕ್ಕಂತ ವರ್ಷಕ್ಕ 2 ಕೋಟಿ ಅನುದಾನ ಐತಿ, ಅದು ಎಲ್ಲಿ ಖರ್ಚಾತು ಅಂತ 10 ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕಿನ ಅರ್ಜಿ) ಹಾಕಿದ್ರ 30 ದಿನದಾಗ ಉತ್ತರ ಕೊಡಬೇಕು. ಗ್ರಾಮಸಭೆ 6 ತಿಂಗಳಿಗೊಮ್ಮೆಯಾದ್ರೂ ಆಗ್ಬೇಕಂತ ಕಾನೂನೇ ಐತಿ, ಅಲ್ಲಿ ಬಂದು ಕೂಡೂ ಜನಾನ ಇಲ್ಲ, ನನಗ ಬಾಳ ಬ್ಯಾಸರಾಗೂದು ಇದಕ್ಕ. ಬಹಿಷ್ಕಾರಕ್ಕ ಊರು ಒಂದಾಗ್ತೈತಿ ಅಂದ್ರ ಆ ಒಗ್ಗಟ್ಟನ್ನ ಗ್ರಾಮಸಭೆಗೆ ತರ್ರಿ, ರೋಡ್ ಬೇಕು ಅಂತ ಠರಾವು ಬರಸ್ರಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕಡಿಂದ ಅದರ ಕಾಪಿ ಇಸ್ಕೋರಿ. ಗ್ರಾಮ ಪಂಚಾಯ್ತಿ ಎಲೆಕ್ಷನ್‌ನಾಗ ಪಾರ್ಟಿ ಚಿಹ್ನೆ ಇರಂಗಿಲ್ಲ, 21 ತುಂಬಿದ್ರ ನೀವೂ ನಿಲ್ಲಬಹುದು, ನಿಮ್ಮಂಥ ಹುಡುಗ್ರು ನಿಲ್ಲಬೇಕು.

ಪ್ರಶ್ನೆ: ಲಗ್ನ ಆಗಿ ಇಳಕಲ್ಲಿಗೆ ಬಂದೀನ್ರಿ. ಹೆಸರು ಇನ್ನೂ ತವರೂರಿನ ಲಿಸ್ಟ್‌ನಾಗ ಐತಿ. ಮನ್ಯಾಗ ಯಾರಿಗೆ ಹಾಕಬೇಕಂತ ಮಾವನವರೇ ಹೇಳ್ತಾರ, ನಾ ಬ್ಯಾರೇ ಹಾಕಿದ್ರ ಗೊತ್ತಾಗ್ತೈತೇನ್ರಿ?

ಉತ್ತರ: ಇಲ್ಲ ತಂಗೀ, ಗೊತ್ತಾಗಂಗಿಲ್ಲ. ಮಷಿನ್ ಮುಂದ ನೀವೊಬ್ರೇ ಇರ್ತೀರಿ, ಯಾರಿಗೆ ಹಾಕಿದ್ರಿ ಅಂತ ತೋರ್ಸೂ ವಿವಿಪ್ಯಾಟ್ ಚೀಟಿ 7 ಸೆಕೆಂಡ್ ನಿಮಗಷ್ಟೇ ಕಂಡು ಪೆಟ್ಟಿಗಿಯೊಳಗ ಬೀಳ್ತೈತಿ. ಹಿರಿಯರ ಮಾತಿಗೆ ಮರ್ಯಾದಿ ಕೊಡ್ರಿ, ವೋಟ್ ಮಾತ್ರ ನಿಮ್ದು. ಹೆಸರು ವರ್ಗಾ ಮಾಡ್ಸಾಕ ಫಾರ್ಮ್ 8 ತುಂಬ್ರಿ, ಮತ್ತ ಹೊಸದಾಗಿ ಫಾರ್ಮ್ 6 ಹಾಕಬ್ಯಾಡ್ರಿ, ಎರಡು ಕಡೆ ಹೆಸರು ಇರೂದು ಕಾನೂನಿಗೆ ವಿರುದ್ಧ. ಎಲೆಕ್ಷನ್ ಕಮಿಷನ್ ಆಪ್‌ನಾಗ ಆಗ್ತೈತಿ, ಇಲ್ಲಾ 1950ಕ್ಕ ಫೋನ್ ಮಾಡಿ ನಿಮ್ಮ ಓಣಿ ಬಿಎಲ್‌ಒ (ವೋಟರ್ ಲಿಸ್ಟ್ ನೋಡ್ಕೊಳ್ಳೂ ಬೂತ್ ಅಧಿಕಾರಿ) ಯಾರು ಅಂತ ಕೇಳ್ರಿ, ಹಳೇ ವೋಟರ್ ಕಾರ್ಡ್ ನಂಬರ್ ಕೈಯಾಗ ಇಟ್ಕೊಂಡಿರ್ರಿ.