ಗೆಳೆಯ ಚೆನ್ನಾಗಿ ಸ್ಕೀ ಮಾಡ್ತಾನೆ, ನಾನು ಹೊಸಬ. ಗುಲ್ಮಾರ್ಗ್‌ನಲ್ಲಿ ತೀರಾ ಮೇಲಿನಿಂದ ಅವನ ಜೊತೆ ಇಳಿಯಬಹುದಾ?

ನೀವು ಕೊಪ್ಪಳದವರು, ನಾನು ಗಂಗಾವತಿಯವನು. ನಮ್ಮ ಬಿಸಿಲ ಸೀಮೆಯಿಂದ ಸ್ಕೀ ಬಗ್ಗೆ ಪ್ರಶ್ನೆ ಬಂದಿದ್ದು ನೋಡಿ ಖುಷಿಯಾಯಿತು. ಬೇಸಿಕ್ ಕೋರ್ಸ್ ಮುಗಿಸಿದ್ದೀರಿ, ಗೆಳೆಯ "ನಾನಿದ್ದೀನಲ್ಲ, ಬಾ" ಅಂತಿದ್ದಾನೆ. ನನ್ನ ಉತ್ತರ: ಈ ಸಲ ಬೇಡ. ಗೊಂಡೊಲಾದಲ್ಲಿ, ಅಂದ್ರೆ ಅಲ್ಲಿನ ಕೇಬಲ್ ಕಾರ್‌ನಲ್ಲಿ, ಮೇಲಿನ ಅಫರ್ವಟ್ ಬೆಟ್ಟಕ್ಕೆ ಹೋಗಿ, ಕಣ್ತುಂಬ ನೋಡಿ, ಅದರಲ್ಲೇ ವಾಪಸ್ ಬನ್ನಿ.

ಗೊಂಡೊಲಾದ ಮೊದಲ ಹಂತ ಕೊಂಗ್‌ಡೂರಿಯವರೆಗೆ, ಸುಮಾರು 3,000 ಮೀಟರ್. ಎರಡನೇ ಹಂತ ನಿಮ್ಮನ್ನು 3,900 ಮೀಟರ್‌ಗೂ ಮೇಲೆ ಬಿಡುತ್ತದೆ. ನಮ್ಮೂರಲ್ಲಿ ಉಸಿರಾಡಿದಷ್ಟು ಸಲೀಸಾಗಿ ಅಲ್ಲಿ ಉಸಿರಾಡೋಕಾಗಲ್ಲ. ಅದಕ್ಕಿಂತ ದೊಡ್ಡ ತೊಂದರೆ ಹಿಮದ್ದು. ನೀವು ಕಲಿತದ್ದು ಯಂತ್ರದಿಂದ ಒತ್ತಿ ಸಮ ಮಾಡಿದ ಹಿಮದ ಮೇಲೆ. ಮೇಲೆ ಹೊಸ ಹಿಮ ಮೊಣಕಾಲುದ್ದ ಸಡಿಲವಾಗಿ ಬಿದ್ದಿರುತ್ತದೆ. ಎರಡೂ ಸ್ಕೀಗಳ ಮೂತಿ ಕೂಡಿಸಿ ಬ್ರೇಕ್ ಹಾಕೋದು ಕಲಿಸಿದ್ರಲ್ಲ, ಅದು ಅಲ್ಲಿ ನಡೆಯಲ್ಲ. ಒಮ್ಮೆ ಬಿದ್ದರೆ ಎದ್ದು ನಿಲ್ಲೋದ್ರಲ್ಲೇ ಜೀವ ಹಣ್ಣಾಗುತ್ತದೆ.

ಇನ್ನು ಹಿಮಕುಸಿತ. ಹೆಚ್ಚಿನ ಹಿಮಕುಸಿತಗಳು ಶುರುವಾಗೋದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಒಳ್ಳೆ ಸ್ಕೀಯರ್‌ಗಳಿಗೆ ಇಷ್ಟವಾಗೋದೂ ಅದೇ ಇಳಿಜಾರು! 2023ರ ಫೆಬ್ರವರಿಯಲ್ಲಿ ಅಫರ್ವಟ್‌ನಲ್ಲೇ ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಹಿಮಕುಸಿತಕ್ಕೆ ಸಿಕ್ಕಿ ಸತ್ತರು.

ಗೆಳೆಯ ನಿಮ್ಮನ್ನು ನೋಡಿಕೊಳ್ತಾನಾ ಅಂತ ನೀವು ಕೇಳಿದ್ದೀರಿ. ತಿರುಗಿಸಿ ಕೇಳಿಕೊಳ್ಳಿ. ಅವನು ಹಿಮದಡಿ ಹೂತುಹೋದರೆ ತೆಗೆಯೋರು ಯಾರು? ನೀವೇ. ಮೊದಲ ಹತ್ತು ಹದಿನೈದು ನಿಮಿಷ ದಾಟಿದ ಮೇಲೆ ಬದುಕುವ ಸಾಧ್ಯತೆ ಸರ್ರನೆ ಇಳಿಯುತ್ತದೆ. ರಕ್ಷಣಾ ತಂಡ ಅಷ್ಟರಲ್ಲಿ ಬರೋದು ಕಷ್ಟ. ಹಾಗಾಗಿ ಇಬ್ಬರ ಬಳಿಯೂ ಬೀಕನ್ (ಹೂತವರನ್ನು ಹುಡುಕೋಕೆ ರೇಡಿಯೊ ಸಿಗ್ನಲ್ ಕಳಿಸುವ, ಹಿಡಿಯುವ ಪುಟ್ಟ ಯಂತ್ರ), ಪ್ರೋಬ್ ಕೋಲು (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಇರಬೇಕು. ಬೀಕನ್ ಅಂಗಿಯ ಒಳಗೆ ಕಟ್ಟಿಕೊಂಡಿದ್ದರೆ ಸಾಲದು, ಅದರಿಂದ ಹುಡುಕೋಕೂ ಬರಬೇಕು. ಹಾಗೆ ಹುಡುಕೋಕೆ ಬರದ ಜೊತೆಗಾರನನ್ನು ಕರ್ಕೊಂಡು ಹೋಗುವ ಗೆಳೆಯ ಎಷ್ಟೇ ಚೆನ್ನಾಗಿ ಸ್ಕೀ ಮಾಡಲಿ, ಬೆಟ್ಟದ ವಿಷಯದಲ್ಲಿ ಅವನೂ ಹೊಸಬನೇ. ಬೇಜಾರಾದ್ರೂ ಇದನ್ನ ಅವನಿಗೆ ಹೇಳಿ.

ನಾನೂ ನನ್ನ ಗೆಳೆಯನೂ ಹೋದಾಗ ಒಟ್ಟಿಗೆ ಇಳಿಯೋದೇ ಇಲ್ಲ. ಒಬ್ಬ ಇಳಿದು, ಮೇಲಿನಿಂದ ಹಿಮ ಜಾರಿದರೂ ತಾಗದಂಥ ಜಾಗದಲ್ಲಿ ನಿಂತು ಕೋಲು ಎತ್ತುತ್ತಾನೆ. ಆಮೇಲೆ ಇನ್ನೊಬ್ಬ. ಇಬ್ಬರಲ್ಲಿ ಯಾರೇ "ಬೇಡ" ಅಂದ್ರೂ ಅವತ್ತಿಗೆ ಅಷ್ಟೇ, ಕಾರಣ ಕೇಳೋ ಹಾಗಿಲ್ಲ. ಗುಲ್ಮಾರ್ಗ್‌ನ ಲೋಕಲ್ ಗೈಡ್ ಇಲ್ಲದೆ ಗೊಂಡೊಲಾ ಕೆಳಗಿನ ಬಯಲು ಬಿಟ್ಟು ಆಚೆ ಹೋಗಲ್ಲ.

ತಯಾರಿಗೆ ಅಂಜನಾದ್ರಿ ಹತ್ತಿ. 575 ಮೆಟ್ಟಿಲು. ಹತ್ತೋದಕ್ಕಿಂತ ನಿಧಾನವಾಗಿ ಇಳಿಯೋದು ಮುಖ್ಯ, ಸ್ಕೀಯಲ್ಲಿ ಉರಿಯೋದು ತೊಡೆ. ಬೀಕನ್ ಅಭ್ಯಾಸಕ್ಕೆ ಹಿಮವೇ ಬೇಕಿಲ್ಲ. ಒಂದನ್ನು ಡಬ್ಬಿಯಲ್ಲಿಟ್ಟು ಮರಳಲ್ಲಿ ಹೂತು, ಇನ್ನೊಂದರಿಂದ ಹುಡುಕಿ. ನಾವು ಮಾಡೋದು ಆನೆಗೊಂದಿ ಕಡೆ, ಹೊಳೆ ದಂಡೆಯಲ್ಲಿ. ಮೊದಲು ಅಲ್ಲಿನವರಿಗೆ ಹೇಳಿಬಿಡಿ. ಕೈಯಲ್ಲಿ ಕುಂಯ್ ಕುಂಯ್ ಅನ್ನೋ ಯಂತ್ರ, ಹೆಗಲಲ್ಲಿ ಸಲಿಕೆ ನೋಡಿದರೆ ನಿಧಿ ತೆಗೆಯೋಕೆ ಬಂದವರು ಅಂತ ಹಿಡ್ಕೊಂಡು ಕೂರಿಸ್ತಾರೆ.