ಭಾನುವಾರ ಬಡಿಸಿದ್ದಕ್ಕೆ ಸೋಮವಾರ ಶಿಕ್ಷೆ

ನಾನು ಶಾಲಾ ಮಕ್ಕಳ ಕೌನ್ಸೆಲರ್. ಗುರುತು ಸಿಗುವಂಥ ವಿವರ ಬಿಟ್ಟು ಬರೆಯುತ್ತಿದ್ದೇನೆ. ಕಾಸರಗೋಡು ಜಿಲ್ಲೆಯ ಒಂದು ಶಾಲೆ. ಪ್ಲಸ್ ವನ್ (ಹನ್ನೊಂದನೇ ತರಗತಿ) ಹುಡುಗ, ವಯಸ್ಸು 16. ಅಮ್ಮ ಬೀಡಿ ಕಟ್ಟುತ್ತಾರೆ. ಅಪ್ಪ ಗಲ್ಫಿನಲ್ಲಿದ್ದಾರೆ, ದುಡ್ಡು ಸರಿಯಾಗಿ ಬರುತ್ತಿಲ್ಲ. ಭಾನುವಾರ ಹುಡುಗ ಕ್ಯಾಟರಿಂಗ್‌ನವರ ಜೊತೆ ಮದುವೆ ಊಟ ಬಡಿಸಲು ಹೋಗುತ್ತಾನೆ. ನಮ್ಮ ಕಡೆ ಇದೇನು ಹೊಸದಲ್ಲ, ಕುಂಬಳೆಯಲ್ಲಾಗಲಿ ಬದಿಯಡ್ಕದಲ್ಲಾಗಲಿ ಹಾಲ್‌ಗೆ ಹೋದವರು ನೋಡಿಯೇ ಇರುತ್ತೀರಿ. ಮದುವೆ ಸೀಸನ್ ಬಂದರೆ ಇಂಥ ಕೇಸೂ ಬರುತ್ತದೆ, ಅದಕ್ಕೇ ಬರೆಯಬೇಕೆನಿಸಿತು.

ದೂರು ಶಾಲೆಯದ್ದು. ಮಾಷ್ಟ್ರೊಬ್ಬರು ಮದುವೆಗೆ ಹೋಗಿದ್ದಾಗ ಇವನನ್ನು ನೋಡಿದ್ದಾರೆ. ಸೋಮವಾರ ಅಸೆಂಬ್ಲಿಯಲ್ಲಿ ಹೆಸರು ಕರೆದು, ಶಾಲೆಯ ಮರ್ಯಾದೆ ತೆಗೆದ ಎಂದರು. ಇನ್ನೊಮ್ಮೆ ಕಂಡರೆ ಟಿಸಿ ಕೊಡುತ್ತೇವೆ ಎಂದೂ ಹೇಳಿದರು. ಹುಡುಗ ಮರುದಿನದಿಂದ ಶಾಲೆಗೆ ಬರಲಿಲ್ಲ.

ಕೊನೆಗೆ ಮಾಷ್ಟ್ರು, ಅಮ್ಮ, ಹುಡುಗ ಮೂವರನ್ನೂ ಕೂರಿಸಿದೆ. ಮಾಷ್ಟ್ರು ಕೆಟ್ಟವರಲ್ಲ. "ಇವತ್ತು ಬಡಿಸ್ತಾನೆ, ನಾಳೆ ಕೈಯಲ್ಲಿ ದುಡ್ಡು ಓಡಾಡಿದ್ರೆ ಯಾರ ಜೊತೆ ಸೇರ್ತಾನೆ ಗೊತ್ತುಂಟಾ ಟೀಚರ್?" ಎಂದರು. ಆ ಹೆದರಿಕೆ ಸುಳ್ಳಲ್ಲ. ಹುಡುಗ ತುಂಬಾ ಹೊತ್ತು ನೆಲ ನೋಡುತ್ತಿದ್ದ. ಆಮೇಲೆ ನನ್ನ ಕಡೆ ತಿರುಗಿ, "ಮಾಷ್ಟ್ರಿಗೆ ಎರಡು ಸಲ ಪಾಯಸ ಬಡಿಸಿದೆ ಟೀಚರ್. ಆಗ ಏನೂ ಹೇಳ್ಲಿಲ್ಲ. ಅಲ್ಲೇ ಬೈದಿದ್ರೆ ಕೇಳ್ತಿದ್ದೆ" ಎಂದ.

"ಮದುವೆ ಮನೆಯಲ್ಲಿ ಹೇಗೆ ಬೈಯುವುದು? ಅಲ್ಲಿ ನಾನು ನೆಂಟ ಅಲ್ವಾ?" ಎಂದರು ಮಾಷ್ಟ್ರು.

"ಹಾಗಾದರೆ ಅವನೂ ಅಲ್ಲಿ ಬಡಿಸುವವನು, ನಿಮ್ಮ ವಿದ್ಯಾರ್ಥಿ ಅಲ್ಲ" ಎಂದೆ. ಸ್ವಲ್ಪ ಖಾರವಾಗಿಯೇ ಹೇಳಿದೆ. ಅಮ್ಮ ಅಳುವುದಕ್ಕೆ ಶುರು ಮಾಡಿದರು. ಮಗ ಕೆಲಸಕ್ಕೆ ಹೋಗುವುದು ಅವರಿಗೆ ಗೊತ್ತಿತ್ತು, ಅರ್ಧ ದುಡ್ಡು ಫೋನಿಗೆಂದು ಕೂಡಿಡುತ್ತಿದ್ದಾನೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಕೌನ್ಸೆಲರ್‌ಗಳು ಯಾವಾಗಲೂ ಮಕ್ಕಳ ಪಕ್ಷ ಎಂದು ಸ್ಟಾಫ್ ರೂಮಿನಲ್ಲಿ ಹೇಳುತ್ತಾರೆ. ಇರಲಿ. ಆದರೆ ನಾನು ಹುಡುಗನಿಗೂ ಎಲ್ಲ ಸರಿ ಎಂದಿಲ್ಲ. ನಮ್ಮ ಕಾನೂನಿನಲ್ಲಿ 14 ತುಂಬದವರನ್ನು ಇಂಥ ಕೆಲಸಕ್ಕೆ ಇಟ್ಟುಕೊಳ್ಳುವ ಹಾಗೇ ಇಲ್ಲ. 14ರಿಂದ 18ರೊಳಗಿನವರು ಅಪಾಯದ್ದಲ್ಲದ ಕೆಲಸ ಮಾಡಬಹುದು, ಆದರೆ ರಾತ್ರಿ 7ರಿಂದ ಬೆಳಿಗ್ಗೆ 8ರವರೆಗೆ ಮಾಡಿಸಬಾರದು, ಬಿಡುವು ಸೇರಿ ದಿನಕ್ಕೆ 6 ಗಂಟೆ ದಾಟಬಾರದು. ಇದನ್ನು ಮೀರಿದರೆ ಹೊಣೆ ಕೆಲಸ ಕೊಟ್ಟವರದ್ದು, ಹುಡುಗನದ್ದಲ್ಲ. ಇವನು ಶನಿವಾರ ರಾತ್ರಿಯೇ ತರಕಾರಿ ಹೆಚ್ಚಲು ಹೋಗುತ್ತಿದ್ದ. ಅದನ್ನು ಬಿಡು, ರಾತ್ರಿ ರಿಸೆಪ್ಷನ್ ಬೇಡ, ಪರೀಕ್ಷೆ ಹತ್ತಿರ ಬಂದಾಗ ಹಗಲಿನದ್ದೂ ಬೇಡ, ಸಿಕ್ಕಿದ ದುಡ್ಡಿನ ಲೆಕ್ಕ ಅಮ್ಮನಿಗೆ ಗೊತ್ತಿರಲಿ ಎಂದೆ. ಮುಖ ಸಣ್ಣದು ಮಾಡಿಕೊಂಡ, ರಾತ್ರಿ ಕೆಲಸಕ್ಕೇ ಜಾಸ್ತಿ ಸಿಗುವುದಂತೆ.

ಶಾಲೆಗೆ ಹೇಳಿದ್ದು ಬೇರೆ. ಸೋಮವಾರ ಅವನು ಕ್ಲಾಸಿನಲ್ಲಿ ನಿದ್ದೆ ಮಾಡಿದರೆ ಕೇಳಿ, ಅದು ನಿಮ್ಮ ಕೆಲಸ. ಮನೆಗೆ ಹೋದ ಮೇಲೂ ವಾಟ್ಸ್‌ಆ್ಯಪ್‌ನಲ್ಲಿ ಒಬ್ಬ ಇನ್ನೊಬ್ಬನನ್ನು ಗೋಳುಹೊಯ್ದು, ಅವನು ಶಾಲೆಗೆ ಬರಲು ಹೆದರಿದರೆ ಆಗಲೂ ನಡುವೆ ಬನ್ನಿ. ಶಾಲೆಯ 100 ಗಜದೊಳಗೆ ಯಾರಾದರೂ ಬೀಡಿ, ಸಿಗರೇಟು ಮಾರಿದರೆ ಕಾನೂನೇ ನಿಮ್ಮ ಜೊತೆಗಿದೆ, ದೂರು ಕೊಡಿ. ಆದರೆ ಭಾನುವಾರ ಯೂನಿಫಾರ್ಮ್ ಇಲ್ಲದೆ ದುಡಿದು ತಿನ್ನುವುದು ಶಾಲೆಗೆ ಅವಮಾನ ಎಂದು ಎಲ್ಲರೆದುರು ಬೈಯುವುದು ಶಿಸ್ತಲ್ಲ. ಬಡತನ ಕಂಡು ನಮಗಾದ ಮುಜುಗರವನ್ನು ಮಗುವಿನ ತಲೆಗೆ ಕಟ್ಟುತ್ತೇವೆ ಅಷ್ಟೇ. ಯಾರ ಮಗನೋ ಭಾನುವಾರ ಟ್ಯೂಷನ್ನಿಗೆ ಹೋದರೆ ಅಸೆಂಬ್ಲಿಯಲ್ಲಿ ಹೆಸರು ಕರೆಯುತ್ತೇವಾ? ಕಾಳಜಿಯಿಂದ ಕೇಳಬೇಕಿದ್ದರೆ ಒಬ್ಬನನ್ನೇ ಕರೆದು, ಮನೆಯಲ್ಲಿ ಏನು ಕಷ್ಟ ಎಂದು ಕೇಳಬಹುದಿತ್ತು. ಟಿಸಿ ಮಾತು ತೆಗೆದರೆ ಆ ಬಾಗಿಲು ಮುಚ್ಚಿತು. ಮತ್ತೆ ಮಕ್ಕಳು ಮಾಷ್ಟ್ರನ್ನು ಕಂಡರೆ ಅಡುಗೆಮನೆ ಕಡೆ ಓಡುತ್ತಾರೆ, ಕೆಲಸವನ್ನೇನೂ ಬಿಡುವುದಿಲ್ಲ.

ಹುಡುಗ ಈಗ ಕ್ಲಾಸಿಗೆ ಬರುತ್ತಿದ್ದಾನೆ. ಟಿಸಿ ವಿಷಯ ಬಿಟ್ಟಿದ್ದಾರೆ. ಅಸೆಂಬ್ಲಿಯಲ್ಲಿ ಆಡಿದ ಮಾತನ್ನು ಮಾತ್ರ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ. ಮಾಷ್ಟ್ರು ಇದನ್ನು ಪಿಟಿಎ (ಶಿಕ್ಷಕ-ಪೋಷಕರ ಸಂಘ) ಸಭೆಯಲ್ಲಿ ಎತ್ತುತ್ತೇನೆ ಎಂದಿದ್ದಾರೆ. ಎತ್ತಲಿ, ಕ್ಯಾಟರಿಂಗ್‌ನ ಧಣಿಗಳನ್ನೂ ಆ ಸಭೆಗೆ ಕರೆಯಿರಿ ಎಂದು ಹೇಳಿ ಬಂದಿದ್ದೇನೆ.