ಗುರುವಂದನೆ ಆಮೇಲೆ ಇಟ್ಟುಕೊಳ್ಳಿ, ಮೊದಲು ನಿಮ್ಮ ಟೀಚರ್ ಮನೆಗೆ ಹೋಗಿ ಬನ್ನಿ

ಪ್ರೈಮರಿ ಶಾಲೆಯ ಚಿಕ್ಕ ಚಿಕ್ಕ ಖುಷಿಗಳು ನೆನಪಾಗಿ ಮನಸ್ಸು ಹಿಂಡುತ್ತೆ, ಬ್ಯಾಚಿನವರೆಲ್ಲ ಸೇರಿ ಗುರುವಂದನೆ ಮಾಡೋಣ ಅಂತಿದ್ದೇವೆ, ಹೇಗೆ ಮಾಡಿದರೆ ಚೆನ್ನ ಅಂತ ಕೇಳಿದ್ದೀರಿ. ಟೀಚರ್ ಈಗಲೂ ಊರಲ್ಲೇ ಇದ್ದಾರೆ ಅಂತಲೂ ಬರೆದಿದ್ದೀರಿ. ಆ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ನಂದು ಸಾಗರ ತಾಲೂಕಿನ ಒಂದು ಹಳ್ಳಿ. 1991ರಲ್ಲಿ ಒಂದನೇ ಕ್ಲಾಸಿಗೆ ಸೇರಿದೆ. ಹಂಚಿನ ಶಾಲೆ, ಮೂರು ಕೋಣೆ. ಮಳೆಗಾಲದಲ್ಲಿ ಮಧ್ಯಾಹ್ನ ಎರಡು ಗಂಟೆಗೇ ಒಳಗೆ ಕತ್ತಲು. ಹಂಚಿನ ಮೇಲೆ ಮಳೆ ಬೀಳುವ ಸದ್ದಿಗೆ ಅಕ್ಕೋರು (ನಮ್ಮ ಕಡೆ ಟೀಚರನ್ನು ಅಕ್ಕೋರು ಅಂತಲೇ ಕರೆಯುವುದು) ಏನು ಹೇಳಿದರೂ ಹಿಂದಿನ ಸಾಲಿಗೆ ಕೇಳಿಸುತ್ತಿರಲಿಲ್ಲ. ಆಗ ಅವರು ಪಾಠದ ಪುಸ್ತಕ ಮುಚ್ಚಿಟ್ಟು ಹಾಜರಿಯನ್ನೇ ಹಾಡಾಗಿ ಕರೆಯುತ್ತಿದ್ದರು. ಹಾಡು ಅವರೇ ಕಟ್ಟಿದ್ದು.

"ಸಂಕ ದಾಟಿ ಬಂದವರ್ಯಾರು, ಕೊಪ್ಪೆ ನೆನೆಸಿ ನಿಂದವರ್ಯಾರು" (ಕೊಪ್ಪೆ ಅಂದರೆ ಮಳೆಗೆ ತಲೆ ಮೇಲಿಂದ ಹೊದೆಯುವ ಹೊದಿಕೆ) ಅಂತ ಅವರು ಎಳೆದರೆ ನಾವು ಒಬ್ಬೊಬ್ಬರೇ ಎದ್ದು ನಮ್ಮ ಮನೆ ಹೆಸರು ಹೇಳಬೇಕು. ಒಬ್ಬೊಬ್ಬರಿಗೂ ಒಂದೊಂದು ಸಾಲು ಇತ್ತು. ನನ್ನ ಪಕ್ಕ ಕೂರುತ್ತಿದ್ದವನದ್ದು "ಮೇಲಿನಮನೆಯ ಹುಡುಗನ ಚೀಲದಿ ಸುಟ್ಟ ಹಲಸಿನ ಬೇಳೆ ಉಂಟು." ಅವನ ಚೀಲದಲ್ಲಿ ನಿಜವಾಗಲೂ ಇರುತ್ತಿತ್ತು. ನಮ್ಮಲ್ಲಿ ಅರ್ಧ ಜನ ಕಾಲುಸಂಕ ದಾಟಿ ಬರುವವರು, ಹಳ್ಳದ ಮೇಲೆ ಎರಡು ಅಡಿಕೆ ಮರ ಅಡ್ಡ ಹಾಕಿದ್ದು ಅಷ್ಟೇ. ಹಳ್ಳ ಏರಿದರೆ ಆಚೆ ದಡದ ಮಕ್ಕಳು ಬರುವ ಹಾಗಿಲ್ಲ. ಯಾರು ಬಂದಿದ್ದಾರೆ, ಸಂಜೆ ಯಾರನ್ನು ದಾಟಿಸಿ ಬರಬೇಕು ಅಂತ ಅಕ್ಕೋರು ಆ ಹಾಡಲ್ಲೇ ಲೆಕ್ಕ ಹಾಕುತ್ತಿದ್ದರು ಅಂತ ನನಗೆ ಹೊಳೆದದ್ದು ಎಷ್ಟೋ ವರ್ಷ ಆದಮೇಲೆ. ಮುಂದೆ ಮಕ್ಕಳಿಗೆ ತಿಂಗಳಿಗೆ 3 ಕೆಜಿ ಧಾನ್ಯ ಕೊಡುವ ಯೋಜನೆ ಬಂತು. 1995ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ಶೇಕಡಾ 80 ಹಾಜರಿ ಇರಬೇಕಿತ್ತು. ಆಗಂತೂ ಹಳ್ಳ ಏರಿ ಬರಲಾಗದ ಮಕ್ಕಳ ಹಾಜರಿ ಬಗ್ಗೆ ಅಕ್ಕೋರಿಗೆ ಇನ್ನೂ ಜಾಸ್ತಿ ಚಿಂತೆ.

ಇನ್ನೊಂದು ನೆನಪು ನೀರುಕಡ್ಡಿ ಅನ್ನುವ ಪುಟ್ಟ ಗಿಡದ್ದು. ಶಾಲೆ ಹಿಂದಿನ ಪಾಗಾರದ ಪಾಚಿಯಲ್ಲಿ ಬೆಳೆಯುತ್ತಿತ್ತು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಷ್ಟು ತೆಳ್ಳಗಿನ ದಂಟು. ಟಕ್ ಅಂತ ಮುರಿದು ಸ್ಲೇಟಿನ ಮೇಲೆ ಎಳೆದರೆ ತಣ್ಣನೆ ನೀರು ಬಿಟ್ಟು ಬಳಪದ ಗೆರೆ ಪೂರ್ತಿ ಅಳಿಸುತ್ತಿತ್ತು. ಒಂದು ಹಿಡಿ ನೀರುಕಡ್ಡಿಗೆ ಅರ್ಧ ಬಳಪ, ಅದು ನಮ್ಮ ರೇಟು.

ಈಗ ನಾನು ಮಾಡಿದ ತಪ್ಪು. 2019ರಲ್ಲಿ ನಾವು ನಾಲ್ಕು ಜನ ಸೇರಿ ವಾಟ್ಸಾಪ್ ಗುಂಪು ಮಾಡಿದೆವು, ಅಕ್ಕೋರಿಗೆ ದೊಡ್ಡದಾಗಿ ಗುರುವಂದನೆ ಮಾಡಬೇಕು ಅಂತ. ಡಿಸೆಂಬರ್ ಅಂದುಕೊಂಡೆವು, ಅಡಿಕೆ ಕೊಯ್ಲು ಅಂತ ಅರ್ಧ ಜನ ಆಗಲ್ಲ ಅಂದರು. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಅಂದೆವು, ಮಾರ್ಚ್‌ನಲ್ಲೇ ಲಾಕ್‌ಡೌನ್ ಆಯಿತು. ಮರುವರ್ಷ ಎರಡನೇ ಅಲೆ. ನಾನು ಬೆಂಗಳೂರಲ್ಲಿದ್ದೆ ನಿಜ, ಆದರೆ ರಾತ್ರಿ ತಾಳಗುಪ್ಪ ರೈಲು ಹತ್ತಿದರೆ ಬೆಳಿಗ್ಗೆ ಊರು. ಆ ಎರಡೂವರೆ ವರ್ಷದಲ್ಲಿ ಮದುವೆ, ತಿಥಿ, ತೋಟದ ಕೆಲಸ ಅಂತ ಒಂಬತ್ತು ಸಲ ಊರಿಗೆ ಹೋಗಿದ್ದೇನೆ, ಆಮೇಲೆ ಕೂತು ಲೆಕ್ಕ ಹಾಕಿದೆ. ಅಕ್ಕೋರ ಮನೆ ನಮ್ಮ ಮನೆಯಿಂದ ಆರು ಕಿಲೋಮೀಟರ್. ಒಂದು ಸಲವೂ ಹೋಗಲಿಲ್ಲ. ಯಾಕೆ ಗೊತ್ತಾ? ಎಲ್ಲರೂ ಒಟ್ಟಿಗೆ ಹೋಗಬೇಕು ಅಂತ ಮಾತಾಗಿತ್ತು, ನಾನೊಬ್ಬನೇ ಮುಂಚೆ ಹೋಗಿ ಬಂದರೆ ಉಳಿದವರಿಗೆ ಬೇಜಾರಾಗುತ್ತೆ ಅಂದುಕೊಂಡೆ. ಕಾರ್ಯಕ್ರಮದ ದಿನ ಹಾಡು ಕೇಳೋಣ, ಎಲ್ಲರ ಎದುರು ಹೇಳಿಸೋಣ, ವಿಡಿಯೋ ಮಾಡೋಣ ಅಂತ ಕೂಡಿಟ್ಟುಕೊಂಡೆ. 2020ರಲ್ಲಿ ಅವರೇ ಫೋನ್ ಮಾಡಿ "ಯಾವಾಗ ಬರ್ತೀಯೋ" ಅಂದರು. "ಎಲ್ಲಾ ಸೇರಿ ದೊಡ್ಡದಾಗಿ ಮಾಡ್ತೀವಿ ಅಕ್ಕೋರೇ" ಅಂದೆ. "ದೊಡ್ಡದೆಲ್ಲ ಎಂತಕ್ಕೋ, ಬಂದು ಹೋಗು" ಅಂದರು. ಆಗಲೂ ಹೋಗಲಿಲ್ಲ.

2022ರ ಮೇ ತಿಂಗಳಲ್ಲಿ ಕಾರ್ಯಕ್ರಮ ಆಯಿತು. ಫ್ಲೆಕ್ಸು, ಶಾಮಿಯಾನ, ಶಾಲು, ಫಲತಾಂಬೂಲ, ಯಾವುದಕ್ಕೂ ಕಡಿಮೆ ಇರಲಿಲ್ಲ. ಅಕ್ಕೋರು ಕುರ್ಚಿಯಲ್ಲಿ ಕೂತು ಎಲ್ಲರಿಗೂ ನಗುತ್ತಿದ್ದರು. ನಾನು ಕಾಲಿಗೆ ಬಿದ್ದು ಎದ್ದಾಗ ಪಕ್ಕದಲ್ಲಿದ್ದ ಮಗನನ್ನು ಮೆಲ್ಲಗೆ ಕೇಳಿದರು, "ಯಾರ ಮನೆ ಮದುವೆ ಇದು?" ಮರೆವು ಶುರುವಾಗಿ ಒಂದು ವರ್ಷ ಆಯಿತು ಅಂತ ಮಗ ಹೇಳಿದರು. ನಾನು "ಸಂಕ ದಾಟಿ" ಅಂತ ಹಾಡಿನ ಮೊದಲ ಸಾಲು ಹೇಳಿ ನೋಡಿದೆ. ನನ್ನ ಮುಖ ನೋಡಿದರು, ಶಾಲು ಸರಿಮಾಡಿಕೊಂಡರು, "ಊಟ ಆಯ್ತಾ ನಿಂದು?" ಅಂದರು.

ಆ ದಿನ ಎಲ್ಲರೂ ಕೂತು ನೆನಪು ಮಾಡಿಕೊಂಡೆವು. 23 ಮಕ್ಕಳ ಹಾಡಿನಲ್ಲಿ 9 ಸಾಲು ಸಿಕ್ಕಿತು. ನನ್ನ ಸಾಲು ನನಗೂ ನೆನಪಿಲ್ಲ, ಬೇರೆ ಯಾರಿಗೂ ಇಲ್ಲ. ಅದು ಗೊತ್ತಿದ್ದವರು ಒಬ್ಬರೇ.

ಅದಕ್ಕೇ ಹೇಳುತ್ತೇನೆ, ಸಮ್ಮಿಲನ ಹೇಗೆ ಮಾಡಬೇಕು ಅನ್ನುವ ಪ್ರಶ್ನೆಯನ್ನೇ ಸದ್ಯ ಬಿಡಿ. ಬ್ಯಾಚಿನವರು ಇವತ್ತಲ್ಲ ಮುಂದಿನ ವರ್ಷವೂ ಸಿಗುತ್ತಾರೆ. ಕಾರ್ಯಕ್ರಮದಲ್ಲಿ ಟೀಚರ್ ಹತ್ತಿರ ಮಾತಾಡಲು ಆಗುವುದೂ ಇಲ್ಲ, ಭಾಷಣ, ಫೋಟೋ, ಊಟದ ಗಡಿಬಿಡಿಯಲ್ಲೇ ಹೊತ್ತು ಹೋಗುತ್ತೆ. ಒಬ್ಬರೇ ಹೋಗಿ, ಬೇಕಾದರೆ ಪಕ್ಕದ ಬೆಂಚಿನವರನ್ನು ಕರೆದುಕೊಂಡು ಹೋಗಿ. ಶಾಲು ಬೇಡ, ಒಂದಿಷ್ಟು ಹಣ್ಣು ಸಾಕು. ಹಳೇ ಗ್ರೂಪ್ ಫೋಟೋ ಇದ್ದರೆ ತಗೊಂಡು ಹೋಗಿ ಅವರ ಕೈಗೆ ಕೊಡಿ, ಒಂದೊಂದೇ ಮುಖ ತೋರಿಸಿ ಹೆಸರು ಕೇಳಿ, ಹಿಂದುಗಡೆ ಬರೆದುಕೊಳ್ಳಿ. ಅವರು ಒಪ್ಪಿದರೆ ಮಾತು ರೆಕಾರ್ಡ್ ಮಾಡಿಕೊಳ್ಳಿ. ಮತ್ತೆ ನೀವು ಆಗ ಹೇಗಿದ್ದಿರಿ ಅಂತ ಕೇಳುವುದನ್ನು ಮರೆಯಬೇಡಿ.

ಗುಂಪಿನಲ್ಲಿ ದಿನಾಂಕ ಗೊತ್ತಾಗುವ ತನಕ ಕಾಯಬೇಡಿ. ಇವತ್ತೇ ಫೋನ್ ಮಾಡಿ, ಈ ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ.